ನೀವು ಹೇಳಿದ್ದೇ ಸರಿ

ಸವಣೂರು
೧೭ ಆಗಸ್ಟ್ ೨೦೨೫, ರವಿವಾರ

ಪ್ರೀತಿಯ ಪದ್ಮಿ,

ನಿನ್ನ ಅಪ್ಪನ ಆಶೀರ್ವಾದಗಳು. ಹೇಗಿದ್ದೀ? ಫೋನಿನಲ್ಲಿ ಇದನ್ನೇ ಕೇಳಿದರೆ ‘ಆರಾಮ ಇದ್ದೇನ್ರಿ ಅಪ್ಪಾ’ ಎನ್ನುತ್ತೀ. ಹಿಂದೆಯೇ ಯಾರೋ ಕೆಮ್ಮುತ್ತಾರೆ, ಮಾತು ಅಲ್ಲಿಗೇ ನಿಲ್ಲುತ್ತದೆ. ಕಾಗದದಲ್ಲಿ ಕೆಮ್ಮುವವರು ಇರುವುದಿಲ್ಲ, ಆದ್ದರಿಂದ ಇನ್ನೊಮ್ಮೆ ಕೇಳುತ್ತಿದ್ದೇನೆ. ಹೊತ್ತಿಗೆ ಸರಿಯಾಗಿ ಉಣ್ಣುತ್ತೀಯಾ? ಆ ಅರೆತಲೆನೋವು ಮತ್ತೆ ಬಂತೇ? ಇಲ್ಲಿ ನಾವಿಬ್ಬರೂ ಇದ್ದೇವೆ. ಶ್ರಾವಣದ ತಂಪಿಗೆ ನಿನ್ನ ಅವ್ವನ ಮೊಣಕಾಲು ಸತಾಯಿಸುತ್ತಿದೆ. ಆದರೂ ಮಠಕ್ಕೆ ನಡೆದೇ ಹೋಗುತ್ತಾಳೆ, ಆಟೋದವನು ಪಾಪ ‘ಬರ್ರಿ ಅಮ್ಮಾರ’ ಎಂದರೆ ಅವನ ಮೇಲೇ ಸಿಟ್ಟು. ನನ್ನ ಕಣ್ಣು ಚೆನ್ನಾಗಿದೆ, ಸಣ್ಣಕ್ಷರ ಕೂಡ ಕಾಣುತ್ತದೆ. ಪಂಚಮಿಯ ಉಂಡಿ ಡಬ್ಬಿಯಲ್ಲಿ ಹಾಗೇ ಇವೆ. ನೀನು ಬರಲಿಲ್ಲ, ನಿನ್ನ ಪಾಲಿಗೆ ಕೈ ಹಾಕಿದರೆ ಅವ್ವ ನನ್ನ ಕೈಗೇ ಹೊಡೆಯುತ್ತಾಳೆ. ಮದುವೆಯಾದ ಮೇಲಿನ ಮೊದಲ ಪಂಚಮಿಗೆ ಮಗಳು ತವರಿಗೆ ಬಾರದ ಮನೆ ನಮ್ಮ ಓಣಿಯಲ್ಲಿ ನಮ್ಮದೊಂದೇ.

ಜೀವಮಾನವೆಲ್ಲ ಅಂಚೆ ಕಚೇರಿಯಲ್ಲಿ ಕಳೆದವನು ಈ ಕಾಗದವನ್ನು ಅಂಚೆಗೆ ಹಾಕಲು ಹೆದರುತ್ತಿದ್ದೇನೆ, ನಗಬೇಡ. ಪೋಸ್ಟ್‌ಮನ್ ಬಾಗಿಲಲ್ಲಿ ಕಂಡವರ ಕೈಗೆ ಕೊಟ್ಟು ಮುಂದಿನ ಮನೆಗೆ ಹೋಗುತ್ತಾನೆ. ಹಾಗೆ ಕೊಟ್ಟು ಬೇಗ ಬನ್ನಿ ಎಂದು ನಾನೇ ಎಷ್ಟೋ ಮಂದಿಗೆ ಹೇಳಿದ್ದೇನೆ. ಅದಕ್ಕೇ ಶಿಗ್ಗಾವಿಯ ನಿನ್ನ ಗೆಳತಿ ಸುಮೇರಾಳ ಕೈಯಲ್ಲಿ ಕಳಿಸುತ್ತಿದ್ದೇನೆ. ಬುಧವಾರ ಅವಳಿಗೆ ಹಿರೇಕೆರೂರಿನಲ್ಲಿ ಕಾಲೇಜಿನ ಏನೋ ತರಬೇತಿಯಿದೆ. ‘ಪದ್ಮಜಾನ ಕೈಯಾಗ ಕೊಡ್ತೇನ್ರಿ ಕಾಕಾ, ಬ್ಯಾರೇದವರು ಎಷ್ಟ ಕೇಳಿದ್ರೂ ಕೊಡಂಗಿಲ್ಲ’ ಎಂದಿದ್ದಾಳೆ. ಹೋದ ತಿಂಗಳು ಅವಳು ನಿಮ್ಮ ಮನೆಗೆ ಬಂದಾಗ ನೀನು ಮಲಗಿದ್ದೀ ಎಂದು ಬಾಗಿಲಿನಿಂದಲೇ ಕಳಿಸಿದರಂತೆ. ಸಂಜೆ ದೀಪ ಹಚ್ಚುವ ಹೊತ್ತಿಗೆ ನೀನು ಎಂದಾದರೂ ಮಲಗಿದ್ದುಂಟೇ? ಅವಳು ಬಂದಿದ್ದಳೆಂದು ನಿನಗೆ ಯಾರಾದರೂ ಹೇಳಿದರೋ ಇಲ್ಲವೋ.

ಇನ್ನು ಇಲ್ಲಿಯ ಸುದ್ದಿ. ನಿನ್ನೆ ವೀಳ್ಯದೆಲೆ ಕೊಡಲು ಬಂದ ಚೌಡಪ್ಪ ನನ್ನ ಮುಖ ನೋಡಿ, ‘ಯಾಕ್ರಿ ರಾಯರ, ಮಾರಿ ಸಪ್ಪಗ ಮಾಡೀರಿ? ಆ ಜಪಾನದ ಮುದುಕಿ ಸತ್ತಳೇನು?’ ಎಂದ. ನಮ್ಮ ಮನೆಯ ಹುಚ್ಚು ಎಲೆ ತೋಟದವರೆಗೂ ಹೋಗಿದೆ ನೋಡು. ಅದು ಆಟವೋ ಕಾದಂಬರಿಯೋ ಎಂದು ಕೇಳಿದ. ಎರಡೂ ಹೌದು ಎಂದೆ. ಪರದೆಯ ಮೇಲೆ ಚಿತ್ರ, ಕೆಳಗೆ ಪಾತ್ರಗಳ ಮಾತು, ಓದುತ್ತಾ ಹೋಗುವುದು. ನಡುನಡುವೆ ಕಥೆ ನಿಂತು ಈಗ ಏನು ಮಾಡುತ್ತೀ ಎಂದು ನಮ್ಮನ್ನೇ ಕೇಳುತ್ತದೆ, ನಾವು ಒತ್ತಿದ ಉತ್ತರದಂತೆ ಮುಂದಿನ ದಾರಿ. ಇಂಥ ನಾಲ್ಕು ಭಾಗಗಳ ಕಥೆಯನ್ನು ನನ್ನ ಮಗಳು ಯಾರೂ ಹೇಳದೆ, ಯಾರೂ ಸಂಬಳ ಕೊಡದೆ, ಬರೀ ಪ್ರೀತಿಗೆ ಜಪಾನಿ ಭಾಷೆಯಿಂದ ಕನ್ನಡಕ್ಕೆ ತಂದಳು, ಸುಮೇರಾ ಆ ಕನ್ನಡವನ್ನು ಆಟದೊಳಗೆ ಕೂರಿಸಿದಳು ಎಂದೆ. ಚೌಡಪ್ಪ, ‘ಅಕ್ಕಾವ್ರು ಶಾಣ್ಯಾರ ಬಿಡ್ರಿ’ ಎಂದು ಎರಡು ಎಲೆ ಹೆಚ್ಚಿಗೆ ಇಟ್ಟು ಹೋದ.

ಐದು ವರ್ಷದ ಹಿಂದೆ ಕಣ್ಣಿನ ಆಪರೇಷನ್ ಆಗಿ ನಾನು ಪಟ್ಟಿ ಕಟ್ಟಿಕೊಂಡು ಪಡಸಾಲೆಯಲ್ಲಿ ಬಿದ್ದಿದ್ದಾಗ ನೀನು ಬೇಸರ ಕಳೆಯಲು ನನಗೆ ಓದಿ ಹೇಳಿದ್ದು ಎಲ್ಲಿಗೆ ಬಂತು ನೋಡು. ಜಪಾನದ ಒಂದು ದ್ವೀಪದಲ್ಲಿ ಮಂಜು ಮುಸುಕಿದಾಗ ದೋಣಿಗಳಿಗೆ ದಂಡೆ ತಿಳಿಯಲೆಂದು ಗುಡ್ಡದ ಮೇಲಿನ ಗಂಟೆ ಬಾರಿಸುವ ಕಿನು ಅಜ್ಜಿ. ಒಂದು ರಾತ್ರಿ ಆ ಗಂಟೆ ಮೊಳಗಲಿಲ್ಲ, ದೋಣಿ ಬಂಡೆಗೆ ಬಡಿದು ಒಡೆಯಿತು, ಅಂದಿನಿಂದ ಅಜ್ಜಿ ತುಟಿ ಬಿಚ್ಚಿಲ್ಲ. ಚಿನಾಮಿ ಎಂಬ ಮೊಮ್ಮಗಳು ದ್ವೀಪಕ್ಕೆ ಮರಳಿ ಬಂದು ಕಾರಣ ಹುಡುಕುತ್ತಾಳೆ. ಅವಳು ಅಜ್ಜಿಯ ಬಾಗಿಲಿಗೆ ಬಂದಾಗ ಆಟ ಕೇಳುತ್ತದೆ: ಒಳಗೆ ಹೋಗುತ್ತೀಯಾ, ಹೊರಗಿನಿಂದಲೇ ಕ್ಷೇಮ ಕೇಳಿ ಹೋಗುತ್ತೀಯಾ? ಕರೆಯದ ಮನೆಗೆ ನುಗ್ಗುವುದು ಮರ್ಯಾದೆಯಲ್ಲವೆಂದು ನಾನು ಪ್ರತಿ ಸಲ ಎರಡನೆಯದನ್ನೇ ಒತ್ತಿಸುತ್ತಿದ್ದೆ. ಪ್ರತಿ ಸಲ ಕಥೆ ಕೆಟ್ಟು, ಬರೀ ಮಂಜು, ಖಾಲಿ ದಂಡೆ, ಅಲ್ಲಿಗೆ ಆಟ ಮುಗಿಯುತ್ತಿತ್ತು. ನೀನು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದೆ. ‘ಅಪ್ಪಾ, ಹೊರಗ ನಿಂತು ಕೇಳಿದ್ರ ಯಾರು ಖರೇ ಹೇಳ್ತಾರ?’

ಗಂಟೆ ಯಾಕೆ ಮೊಳಗಲಿಲ್ಲ ಎಂಬುದರ ಮೇಲೆ ನಮ್ಮಿಬ್ಬರ ಯುದ್ಧ ಶುರುವಾಯಿತಲ್ಲ. ಅಜ್ಜಿ ನಿದ್ದೆ ಹೋದಳು, ಆ ತಪ್ಪಿಗೇ ಬಾಯಿ ಮುಚ್ಚಿದ್ದಾಳೆ ಎಂಬುದು ನನ್ನ ಪಕ್ಷ. ಯಾರೋ ಗಂಟೆಯ ನಾಲಗೆಗೆ ಬಟ್ಟೆ ಸುತ್ತಿ ಕಟ್ಟಿದ್ದರು, ಅಜ್ಜಿ ಹಗ್ಗ ಜಗ್ಗಿದಳು, ಸದ್ದು ಬರಲಿಲ್ಲ ಎಂಬುದು ನಿನ್ನದು. ನನ್ನ ಅಜ್ಜ ಮಠದಲ್ಲಿ ವಾಕ್ಯಾರ್ಥದ ಚರ್ಚೆಗೆ ಕೂತರೆ ಊಟದ ಎಲೆ ಹಾಕಿದರೂ ಏಳುತ್ತಿರಲಿಲ್ಲವಂತೆ. ವಾದದಲ್ಲಿ ಉತ್ತರ ಕೊಡದೆ ಸುಮ್ಮನಾದವನು ಸೋತ ಹಾಗೆ, ಇದು ನಾನು ಅವರಿಂದ ಕಲಿತದ್ದು. ಕಿನು ಅಜ್ಜಿ ಸುಮ್ಮನಿದ್ದಾಳೆ, ಆದ್ದರಿಂದ ಅವಳದೇ ತಪ್ಪು ಎಂದೆ. ನೀನು ಉರಿದು ಬಿದ್ದೆ. ‘ಸುಮ್ಮನ ಇದ್ದವರೆಲ್ಲಾ ಸೋತವರಲ್ರಿ. ಅಕಿ ಬಾಯಿ ಯಾರು ಮುಚ್ಚ್ಯಾರ ಅಂತ ಕೇಳ್ರಿ ಮದ್ಲ!’ ಎರಡು ದಿನ ನನ್ನ ಜೊತೆ ಮಾತು ಬಿಟ್ಟೆ, ಮೂರನೆಯ ದಿನ ಹೊಸ ಪುರಾವೆ ಹಿಡಿದು ಬಂದೆ. ಜೋಳದ ಅಳ್ಳು ಹುರಿಯುತ್ತಿದ್ದ ಅವ್ವ, ‘ತಂದಿ ಮಗಳದ್ದು ಮುಗದ ಮ್ಯಾಲೆ ನನಗೂ ಒಂದೀಟು ಯಾರರ ಉತ್ತರಾ ಕೊಡ್ರಿ, ಉಪ್ಪು ಎಲ್ಲಿ ಇಟ್ಟೀರಿ?’ ಎಂದಳು.

ಆಮೇಲೆ ನೀನೂ ಸುಮೇರಾಳೂ ಮೊಬೈಲಿನಲ್ಲಿ ಓದುಗರ ಗುಂಪು ಕಟ್ಟಿದಿರಿ. ಹಾನಗಲ್ಲಿನ ಮೇಷ್ಟ್ರು, ಸಿರಸಿಯ ಹುಡುಗಿಯರು, ಎಲ್ಲೆಲ್ಲಿಯವರೋ ಸೇರಿದರು. ನಮ್ಮ ಮನೆಯ ಜಗಳಕ್ಕೆ ನೂರಾರು ಮಂದಿ ಪ್ರೇಕ್ಷಕರು. ಮೈಸೂರಿನವರೊಬ್ಬರು ದ್ವೀಪದ ಮುದುಕಿಯರು ಸವಣೂರು ಮಾತು ಯಾಕೆ ಆಡುತ್ತಾರೆ ಎಂದು ಕೇಳಿದಾಗ ನೀನು ಕೊಟ್ಟ ಉತ್ತರ ಇನ್ನೂ ಜನ ನೆನೆಯುತ್ತಾರೆ: ‘ಅವರು ಟೋಕಿಯೋ ಮಾತು ಆಡೂದಿಲ್ಲ, ನಿಮ್ಮ ಮಾತು ಯಾಕ ಆಡ್ಲಿ?’ ಮೂರು ಭಾಗ ಮುಗಿದವು. ನಾಲ್ಕನೆಯದನ್ನು ಅರ್ಧ ಮಾಡಿ, ಮದುವೆಯಾಗಿ ಹಿರೇಕೆರೂರಿಗೆ ಹೋದೆ. ಹೋಗುವಾಗ ಹೇಳಿದೆ, ‘ಕಡೀಕ ಗಂಟಿ ಸುದ್ದಿ ಗೊತ್ತಾಗ್ತದ. ಆವಾಗ ನೀವು ಬಾಯಿ ತಗದು ಹೇಳಬೇಕು, ಪದ್ಮಿ ನೀನ ಖರೆ ಅಂತ.’

ನಿನ್ನ ಮದುವೆಯ ಮಾತುಕತೆಯ ದಿನ ಅಳಿಯಂದಿರು ನಗುನಗುತ್ತಲೇ ಒಂದು ಮಾತು ಹೇಳಿದ್ದರು. ‘ನಾ ವಕೀಲ ಇದ್ದೇನ್ರಿ ಮಾವಾ, ನಮ್ಮ ಮನ್ಯಾಗ ವಾದಾ ಮಾಡ್ಲಿಕ್ಕೆ ನಾ ಒಬ್ಬನ ಸಾಕು.’ ಎಲ್ಲರೂ ನಕ್ಕರು, ಎಲ್ಲರಿಗಿಂತ ಜೋರಾಗಿ ನಾನು. ನೀನು ನಕ್ಕೆಯೋ ಇಲ್ಲವೋ, ಎಷ್ಟು ನೆನಪು ಮಾಡಿಕೊಂಡರೂ ನೆನಪಾಗುತ್ತಿಲ್ಲ. ಕಾರಹುಣ್ಣಿಮೆಯ ಮುಂದೆ ನಿಮ್ಮ ಮನೆಗೆ ಬಂದಿದ್ದೆನಲ್ಲ, ಆಗ ನೀನು ಚಹಾ ತಂದಿಟ್ಟು, ನನ್ನ ಮುಖ ನೋಡದೆ ಒಳಗೆ ಹೋದೆ. ನಾಲ್ಕನೆಯ ಭಾಗ ಎಲ್ಲಿಗೆ ಬಂತು ಎಂದು ಕೂಗಿ ಕೇಳಿದೆ. ಉತ್ತರ ಕೊಟ್ಟವರು ಅಳಿಯ ಧೀರೇಂದ್ರರು. ‘ಅಕಿ ಲ್ಯಾಪ್‌ಟಾಪ್ ನನ್ನ ಆಫೀಸಿಗೆ ಒಯ್ದೇನ್ರಿ. ಆ ಆಟಾ ಎಲ್ಲಾ ಸಾಕು ಇನ್ನ.’ ಬೀಗರ ಮನೆಯಲ್ಲಿ ಹೆಣ್ಣಿನ ತಂದೆ ಹೆಚ್ಚು ಹೊತ್ತು ಕೂರಬಾರದು, ಹೆಚ್ಚು ಕೇಳಬಾರದು ಎಂದು ಕೇಳಿ ಬೆಳೆದವನು ನಾನು. ಚಪ್ಪಲಿ ಮೆಟ್ಟಿ ಬಂದುಬಿಟ್ಟೆ. ಹೊಸ ಸಂಸಾರ, ಹೊಂದಿಕೊಳ್ಳುತ್ತಾಳೆ ಎಂದು ದಾರಿಯುದ್ದಕ್ಕೂ ನನಗೆ ನಾನೇ ಸಮಾಧಾನ ಹೇಳಿಕೊಂಡೆ.

ಪಂಚಮಿಯ ಮರುದಿನ ಮನೆ ಬಿಕೋ ಎನ್ನುತ್ತಿತ್ತು. ನಿನ್ನನ್ನು ಕೆಣಕಿಯಾದರೂ ನಾಲ್ಕು ಮಾತು ಕೇಳೋಣವೆಂದು ಗುಂಪಿನಲ್ಲಿ ನನ್ನ ಹಳೆಯ ರಾಗವನ್ನೇ ಬರೆದೆ: ಅಜ್ಜಿ ನಿದ್ದೆ ಹೋದಳು, ತಪ್ಪು ಅವಳದೇ. ಮಧ್ಯಾಹ್ನ ನಿನ್ನ ಹೆಸರಿನಿಂದ ಉತ್ತರ ಬಂತು. ‘ಹೌದು ಅಪ್ಪಾ, ನೀವು ಹೇಳಿದ್ದೇ ಸರಿ.’ ಗುಂಪಿನವರು ಐದು ವರ್ಷದ ಯುದ್ಧ ಮುಗಿಯಿತೆಂದು ಹಾರ, ಪೇಢೆಯ ಚಿತ್ರ ಕಳಿಸಿದ್ದೇ ಕಳಿಸಿದ್ದು. ನಾನೂ ಮೂರ್ಖ, ಹಿಗ್ಗಿ ಪೇಟೆಗೆ ಹೋಗಿ ನಮ್ಮೂರ ಕುರುಕಲು ಖಾರಾ ಕಟ್ಟಿಸಿಕೊಂಡು ಬಂದು ಓಣಿಗೆಲ್ಲ ಹಂಚಿದೆ. ಮಗಳ ಮೇಲೆ ಗೆದ್ದೆ ಎಂದು! ನಿನ್ನ ಅವ್ವ ಖಾರಾ ಬಾಯಿಗೆ ಹಾಕಲಿಲ್ಲ. ಪೊಟ್ಟಣ ಕೈಯಲ್ಲೇ ಹಿಡಿದು ಕೇಳಿದಳು: ‘ಅಕಿ ಹುಟ್ಟಿದಾಗಿನಿಂದ ನಿಮ್ಮ ಒಂದು ಮಾತಿಗರ ಹೂಂ ಅಂದಾಳೇನ್ರಿ? ಇವತ್ತು ಯಾಕ ಅಂದಳು?’

ಆ ಮಾತು ನನ್ನ ಎದೆಯಲ್ಲಿ ನೆಟ್ಟು ನಿಂತಿತು. ನಾಲ್ಕು ದಿನ ಬಿಟ್ಟು ಬೇಕೆಂದೇ ಒಂದು ಹುಚ್ಚು ಮಾತು ಬರೆದೆ. ಆ ರಾತ್ರಿ ಮಂಜೇ ಇರಲಿಲ್ಲ ಎಂದೆ. ಮಂಜಿಲ್ಲದಿದ್ದರೆ ಗಂಟೆಯೂ ಬೇಕಿಲ್ಲ, ಕಥೆಯೂ ಬೇಕಿಲ್ಲ. ಸಣ್ಣ ಹುಡುಗರು ಕೂಡ ಗುಂಪಿನಲ್ಲಿ ನನ್ನನ್ನು ಗೇಲಿ ಮಾಡಿದರು. ನಿನ್ನ ಹೆಸರಿನಿಂದ ಬಂದದ್ದು ಅದೇ ಸಾಲು: ‘ಹೌದು ಅಪ್ಪಾ, ನೀವು ಹೇಳಿದ್ದೇ ಸರಿ.’ ಪದ್ಮಿ, ಇದರ ಅರ್ಥ ಎರಡೇ. ಒಂದೋ ನಿನ್ನ ಫೋನು ಇನ್ನೊಬ್ಬರ ಕೈಯಲ್ಲಿದೆ, ಕಥೆಯ ಗಂಧ ಗಾಳಿ ಗೊತ್ತಿಲ್ಲದವರು ಮುದುಕನಿಗೆ ಹೂಂ ಎಂದು ಸಾಗಹಾಕುತ್ತಿದ್ದಾರೆ. ಇಲ್ಲವೇ ನೀನೇ ಬರೆಯುತ್ತಿದ್ದೀ, ಯಾರು ಏನೇ ಹೇಳಿದರೂ ಹೂಂ ಎನ್ನುವಷ್ಟು ನಿನ್ನನ್ನು ದಣಿಸಿದ್ದಾರೆ. ಎರಡರಲ್ಲಿ ಯಾವುದಾದರೂ ನನಗೆ ಅನ್ನ ಇಳಿಯುವಂಥದ್ದಲ್ಲ. ಅವ್ವ ಫೋನು ಮಾಡಿದಳು, ಅದೇ ಕೆಮ್ಮು, ಅದೇ ‘ಆರಾಮ’.

ಇವತ್ತು ಊಟವಾದ ಮೇಲೆ ಕೊನೆಯದಾಗಿ ಒಂದು ಬರೆದಿದ್ದೇನೆ. ಕಿನು ಅಜ್ಜಿಗೆ ಚಿನಾಮಿಯ ಮೇಲೆ ಪ್ರೀತಿಯೇ ಇರಲಿಲ್ಲ ಎಂದು ಬರೆದೆ. ಎರಡನೆಯ ಭಾಗದ ಕೊನೆಯಲ್ಲಿ ಮಾತಿಲ್ಲದ ಆ ಅಜ್ಜಿ ಮೊಮ್ಮಗಳ ಹೊಸ್ತಿಲ ಮೇಲೆ ದಿನಾಲು ಅನ್ನದ ತುತ್ತು ಇಟ್ಟು ಹೋಗುವ ದೃಶ್ಯ ನಿನ್ನಿಂದ ಒಂದೇ ಸಲಕ್ಕೆ ಕನ್ನಡಕ್ಕೆ ಬರಲಿಲ್ಲ, ಅತ್ತು ಅತ್ತು ಮೂರು ಸಲ ಎದ್ದು ಹೋದೆ. ಅದನ್ನು ಬರೆದ ಪದ್ಮಿ ಅಲ್ಲಿ ಇದ್ದರೆ ಈ ಮಾತಿಗೆ ನನ್ನ ಜುಟ್ಟು ಹಿಡಿಯದೆ ಬಿಡುವುದಿಲ್ಲ. ಬಯ್ಯಿ. ಗುಂಪಿನ ಎದುರು ಮರ್ಯಾದೆ ಕಳೆ. ನಿನ್ನ ಒಂದು ‘ತಪ್ಪು’ ಕೇಳಿದರೆ ಇವತ್ತು ನೆಮ್ಮದಿಯಾಗಿ ಮಲಗುತ್ತೇನೆ, ಈ ಕಾಗದವನ್ನು ಹರಿದು ಒಲೆಗೆ ಹಾಕುತ್ತೇನೆ.

ಮನೆದೇವರು ನಿನ್ನನ್ನು ಕಾಯಲಿ. ಅವ್ವ ನಿನ್ನ ತಲೆಗೆ ಎಣ್ಣೆ ಹಚ್ಚಿ ಎರೆಯಬೇಕೆಂದು ಒಂದೇ ಸಮ ಹಲುಬುತ್ತಿದ್ದಾಳೆ. ಬೀಗರಿಗೆ ನಮಸ್ಕಾರ ಎಂದು ಬರೆಯಬೇಕು, ಇವತ್ತು ಕೈ ಬರುತ್ತಿಲ್ಲ.

ನಿನ್ನೊಡನೆ ಜಗಳ ಕಾಯಲು ಕೂತಿರುವ
ನಿನ್ನ ಅಪ್ಪ
ಜಯತೀರ್ಥ

ತಾ. ಕ.: ಲಕೋಟೆ ಅಂಟಿಸುವಷ್ಟರಲ್ಲಿ ಉತ್ತರ ಬಂತು. ‘ಹೌದು ಅಪ್ಪಾ, ನೀವು ಹೇಳಿದ್ದೇ ಸರಿ.’ ಸುಮೇರಾಳಿಗೆ ಕಾಗದ ಒಯ್ಯುವುದು ಬೇಡವೆಂದು ಫೋನು ಮಾಡಿದೆ. ನಿನ್ನ ಅವ್ವ ‘ಬುಧವಾರದ ತನಕಾ ಯಾಕ್ರಿ? ನಾನೂ ಬರ್ತೇನಿ’ ಎಂದು ಉಂಡಿಯ ಡಬ್ಬಿ ಚೀಲಕ್ಕೆ ಹಾಕಿಯಾಯಿತು. ನಾಳೆ ಮೊದಲ ಬಸ್ಸಿಗೆ ಹಾವೇರಿ, ಅಲ್ಲಿಂದ ಹಿರೇಕೆರೂರು. ಈ ಸಲ ಹೊರಗೆ ಕೂತು ಚಹಾ ಕುಡಿದು ಬರುವುದಿಲ್ಲ, ಒಳಗೆ ಬರುತ್ತೇನೆ. ಕಥೆಯ ಕೊನೆ ನಾನು ಓದಿಲ್ಲ, ಆದರೂ ಹೇಳುತ್ತೇನೆ: ಗಂಟೆಯ ನಾಲಗೆ ಕಟ್ಟಿದ್ದರು. ಪದ್ಮಿ, ನೀನೇ ಖರೆ. ಇದನ್ನು ನೀನು ಓದುವಾಗ ನಾನು ಎದುರಿಗೇ ನಿಂತಿರುತ್ತೇನೆ. ನಮ್ಮ ಸಂಗಡ ಬರುವ ಮನಸ್ಸಿದ್ದರೆ ನೀನು ಬಾಯಿ ತೆರೆಯುವುದೂ ಬೇಡ, ಕಾರಣ ಹೇಳುವುದೂ ಬೇಡ. ಈ ಕಾಗದವನ್ನು ಮಡಿಸಿ ನನ್ನ ಕೈಗೆ ವಾಪಸು ಕೊಡು. ನಿನ್ನ ಬಟ್ಟೆ ಅವ್ವ ತುಂಬಿಕೊಳ್ಳುತ್ತಾಳೆ.