ಆಯುಧಪೂಜೆಯ ಹೊಳಪು

ಬಾಗಲಗುಂಟೆ, ಬೆಂಗಳೂರು
ಭಾನುವಾರ, 14 ಏಪ್ರಿಲ್ 2013

ಮುದ್ದಿನ ಮಗ ಹನುಮೇಶನಿಗೆ ಅವ್ವನ ನೂರು ಮುತ್ತು.

ಎಡಗೈಯ ಪ್ಲಾಸ್ಟರ್ ಬಿಚ್ಚಿದರೇನಪ್ಪಾ? ಬೆರಳು ಆಡಿಸಲು ಬರುತ್ತದೆಯೇ? ಆಸ್ಪತ್ರೆಯ ಊಟ ಸೇರುತ್ತಿದೆಯೋ, ಇಲ್ಲವೇ ಮನೆಯಲ್ಲಿ ಮಾಡುತ್ತಿದ್ದ ಹಾಗೆ ಬೇಳೆಯನ್ನು ಬದಿಗೆ ಸರಿಸಿ ಬರೀ ಅನ್ನ ನುಂಗುತ್ತೀಯೋ? ಶೇಂಗಾ ಚಟ್ನಿಪುಡಿ ಕಳಿಸಿದ್ದೇನೆ. ಈ ಸಲ ಒಬ್ಬನಿಗೆ ಆಗುವಷ್ಟೇ ಕುಟ್ಟಿದೆ. ಯುಗಾದಿಗೆ ಹೋಳಿಗೆ ಮಾಡಲಿಲ್ಲ. ನಿಮ್ಮಪ್ಪ ಬೆಲ್ಲ ಬಿಟ್ಟು ಬೇವನ್ನೇ ತಿಂದು ಟಿವಿ ಮುಂದೆ ಕೂತರು. ನಾನು ಚೆನ್ನಾಗಿದ್ದೇನೆ, ನನ್ನ ಮಂಡಿನೋವೂ ಚೆನ್ನಾಗಿದೆ, ಎಲ್ಲಿಗೂ ಬಿಟ್ಟು ಹೋಗಿಲ್ಲ.

ಮೊನ್ನೆ ಫೋನಿನಲ್ಲಿ ನೀನು ಆಡಿದ ಮಾತು ಕಿವಿಯಲ್ಲೇ ಇದೆ. “ಅವ್ವಾ, ಲಾರಿ ಓಡಸುವಾಗ ಕಣ್ಣು ಹತ್ತಿತ್ತು ಅಂತ ಬರದು ಸಹಿ ಮಾಡು ಅಂತಾರ. ಇಪ್ಪತ್ತೈದಕ್ಕ ವಿಚಾರಣಿ ಅದ. ನನಗೂ ಈಗ ಹಂಗ ಅನಸಾಕತ್ತದ, ಮಾಡಿಬಿಡ್ತೀನಿ.” ಅಪಘಾತವಾದ ಮಾರನೇ ದಿನ ಇದೇ ಬಾಯಿಂದ ನೀನು ಹೇಳಿದ್ದೇ ಬೇರೆ. ಮಿಲಿಟರಿ ಲಾರಿ ಘಾಟಿ ಇಳಿಯುವಾಗ ಬ್ರೇಕ್ ಪೆಡಲ್ ಕಲ್ಲಿನಂತೆ ನಿಂತುಬಿಟ್ಟಿತು, ಎರಡೂ ಕಾಲಿಟ್ಟು ತುಳಿದರೂ ಇಳಿಯಲಿಲ್ಲ ಎಂದಿದ್ದೆ. ಹದಿನೈದು ದಿನ ಮೊದಲೇ ಪೆಡಲ್ ಬಿಗಿಯಾಗಿದೆ ಎಂದು ಮೇಲಿನವರಿಗೆ ಹೇಳಿದ್ದಕ್ಕೆ, ಗ್ರೀಸ್ ಹಚ್ಚಿ ಓಡಿಸು ಎಂದರಂತಲ್ಲ, ಅದೂ ನೆನಪಿದೆ. ಒಂದು ತಿಂಗಳಲ್ಲಿ ಪೆಡಲ್ ಹೋಗಿ ನಿದ್ದೆ ಬಂತೇ? ಆಸ್ಪತ್ರೆಯ ಮಂಚದ ಮೇಲೆ ಮಲಗಿದವನ ತಲೆಗೆ ದಿನಾ ಒಬ್ಬೊಬ್ಬರು ಬಂದು ಒಂದೇ ಮಾತು ತುಂಬಿದರೆ ಯಾರಿಗಾದರೂ ಹಾಗೆಯೇ ಅನ್ನಿಸುತ್ತದೆ. ನೀನು ಚಿಕ್ಕವನಿದ್ದಾಗಲೂ ಹಾಗೆಯೇ, ಶಾಲೆಯಲ್ಲಿ ಯಾರು ಕಿಟಕಿ ಒಡೆದರೂ ಮೊದಲು ಅಳುತ್ತಿದ್ದವನು ನೀನು.

ಟಿವಿಯಲ್ಲಿ ದಿನಾ ಸಂಜೆ ನಿಮ್ಮ ಲಾರಿಯದೇ ಜಗಳ. ಮೀಸೆಯ ನಿವೃತ್ತ ಅಧಿಕಾರಿಯೊಬ್ಬರು ಡ್ರೈವರುಗಳಿಗೆ ವಿಶ್ರಾಂತಿ ಕೊಡುವುದಿಲ್ಲ ಎನ್ನುತ್ತಾರೆ. ಇನ್ನೊಬ್ಬರು ಬಿಡಿಭಾಗ ಕೊಂಡವರನ್ನು ಹಿಡಿಯಿರಿ ಎನ್ನುತ್ತಾರೆ. ಮೂರನೆಯವರು ಸೈನ್ಯವನ್ನು ಪ್ರಶ್ನಿಸುವುದೇ ದ್ರೋಹ ಎಂದು ಮೇಜು ಗುದ್ದುತ್ತಾರೆ. ಲಾರಿಯಲ್ಲಿದ್ದ ಮೂವರು ಸಿಪಾಯಿ ಮಕ್ಕಳು ಕಮರಿಗೆ ಬಿದ್ದು ಸತ್ತಿರುವಾಗ ಕೇಳಬಾರದೇ? ಕೇಳಲೇಬೇಕು. ಆದರೆ ಕೇಳುವವರೆಲ್ಲ ಕೊನೆಗೆ ಬಂದು ನಿಲ್ಲುವುದು ಡ್ರೈವರನ ಮೇಲೆಯೇ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ. ನಿಮ್ಮಪ್ಪ ಚಾನೆಲ್ ಬದಲಿಸುತ್ತಾರೆ, ಅಲ್ಲೂ ಅದೇ.

ಆ ಮೂವರಲ್ಲಿ ಒಬ್ಬನಾದ, ಹಿಂದಿನ ಓಣಿಯ ನಿಂಗಪ್ಪನ ಮನೆಗೆ ಹೋಗಿದ್ದೆ. ನೀವಿಬ್ಬರೂ ಒಂದೇ ದಿನ ಭರ್ತಿಯಾಗಿ, ಒಂದೇ ಡಬ್ಬಿಯ ಚಟ್ನಿಪುಡಿ ತಿಂದವರು. ಅವನ ಫೋಟೋಕ್ಕೆ ಹಾಕಿದ ಹಾರ ಒಣಗಿದೆ, ತೆಗೆಯಲು ಅವನ ತಾಯಿ ಈಶ್ವರಮ್ಮನಿಗೆ ಮನಸ್ಸಿಲ್ಲ. ಚಹಾ ಕೊಟ್ಟಳು. ಆಮೇಲೆ ನನ್ನ ಮುಖ ನೋಡದೆ, “ಯಕ್ಕಾ, ನಿನ್ ಮಗ ನಿದ್ದಿ ಹತ್ತಿ ಬೀಳಿಸಿದ್ದು ಖರೇನಾ?” ಎಂದಳು. ನನಗೆ ಉತ್ತರ ಗೊತ್ತಿತ್ತು, ಆದರೂ ಚಹಾ ಅರ್ಧಕ್ಕೇ ಬಿಟ್ಟು ಬಂದುಬಿಟ್ಟೆ. ಅಷ್ಟು ನಾಚಿಕೆ ನನಗೆ ಜೀವಮಾನದಲ್ಲಿ ಆಗಿರಲಿಲ್ಲ.

ಪೀಣ್ಯದ ನಮ್ಮ ವರ್ಕ್‌ಶಾಪಿನಲ್ಲೂ ಕಳವಳ. ನಾವು ಮಿಲಿಟರಿ ಲಾರಿಗಳ ಬ್ರೇಕ್ ಪೆಡಲಿನ ಲಿವರ್ ಮಾಡುತ್ತೇವೆಂದು ನಿನಗೆ ಗೊತ್ತೇ ಇದೆ. ಅವ್ವ ಪಾಸು ಮಾಡಿದ ಲಿವರ್ ಮೇಲೆ ಕಾಲಿಟ್ಟು ಓಡಿಸುತ್ತೇನೆ ಎಂದು ಭರ್ತಿಯಾದಾಗ ಓಣಿಗೆಲ್ಲ ಹೇಳಿಕೊಂಡು ಬಂದವನು ನೀನೇ. ಹೋದ ವಾರ ವಿಚಾರಣೆಯವರು ಇಬ್ಬರು ಬಂದು ಅಕ್ಟೋಬರ್ ಕೊನೆಗೆ ಹೋದ ಮಾಲಿನ ಕಾಗದ ಕೇಳಿದರು. ಅವರು ಹೋದ ಮೇಲೆ ಮಾಲೀಕರು ಮುರಿಗೆಪ್ಪನವರು ಬಾಗಿಲು ಹಾಕಿ, “ಯಾರೂ ಬಾಯಿ ಬಿಡ್ಬೇಡಿ ಕಣ್ರಮ್ಮ, ಲಾರಿ ಬಿದ್ದಿದ್ದಕ್ಕೂ ನಮಗೂ ಸಂಬಂಧ ಇಲ್ಲ” ಎಂದರು. ಕೆಟ್ಟ ಮನುಷ್ಯರಲ್ಲ ಅವರು, ಹೆದರಿದ್ದಾರೆ.

ಇರಲಿ. ಕೈಯನ್ನು ಜೋಪಾನ ಮಾಡಿಕೋ. ಬಿಸಿನೀರು ಕುಡಿ. ಮನೆದೇವರು ನಿನ್ನ ನೆತ್ತಿ ಕಾಯಲಿ, ನಿದ್ದೆ ಕೊಡಲಿ. ನಿಮ್ಮಪ್ಪ ನಿನ್ನ ಹೆಸರು ಹೇಳಿ ದೀಪ ಹಚ್ಚುತ್ತಿದ್ದಾರೆ.

ನಿನ್ನ ಅವ್ವ,
ಮಹಾನಂದಾ

ತಾ.ಕ.: ಬರೆದದ್ದನ್ನೆಲ್ಲ ಓದಿ ನೋಡಿದೆ. ಬರೆಯಬೇಕಾದ್ದನ್ನೇ ಬರೆದಿಲ್ಲ. ಲಿವರಿನ ತೂತು ನೋಡಲು ನನ್ನ ಹತ್ತಿರ ಪೆನ್ನಿನಷ್ಟು ಉದ್ದದ ಉಕ್ಕಿನ ಗೇಜು ಇದೆಯಲ್ಲ, ಅದು ಒಳಗೆ ಹೋದರೆ ಪೀಸು ಪಾಸು. ಆಯುಧಪೂಜೆಗೆ ಎಲ್ಲರೂ ಮಶೀನು ತೊಳೆದು ಅರಿಶಿನ ಕುಂಕುಮ ಹಚ್ಚುವಾಗ, ನನ್ನ ಗೇಜು ಫಳಫಳ ಹೊಳೆಯಬೇಕೆಂಬ ಹುಚ್ಚು ನನಗೆ. ಪ್ರತಿ ವರ್ಷ ಒರಟು ಎಮರಿ ಪೇಪರಿನಿಂದ ಉಜ್ಜುತ್ತಿದ್ದೆ. ಹೋದ ವರ್ಷ ತುಕ್ಕಿನ ಕಲೆಯಿತ್ತು, ಇನ್ನೂ ಜೋರಾಗಿ ಉಜ್ಜಿದೆ. ಮುರಿಗೆಪ್ಪನವರೇ ಹೊಗಳಿದ್ದರು. ಎರಡು ವರ್ಷದಿಂದ ಅದನ್ನು ಅಳತೆಯ ಪರೀಕ್ಷೆಗೆ ಲ್ಯಾಬಿಗೆ ಕಳಿಸಿರಲಿಲ್ಲ. ಮಾರ್ಚಿನಲ್ಲಿ ಕಳಿಸಿದಾಗ ಕೆಂಪು ಚೀಟಿ ಅಂಟಿಸಿಕೊಂಡು ಬಂತು: ಸವೆದಿದೆ, ಬಳಸಬಾರದು. ಸವೆದ ಗೇಜು ಚಿಕ್ಕ ತೂತಿನಲ್ಲೂ ಹೋಗುತ್ತದೆ ಹನುಮೇಶಾ. ಚಿಕ್ಕ ತೂತಿನಲ್ಲಿ ಲಿವರ್ ತಿರುಗುವ ಪಿನ್ನು ಬಿಗಿಯುತ್ತದೆ, ಪೆಡಲ್ ಇಳಿಯುವುದಿಲ್ಲ. ಪೂಜೆಯಾದ ಎಂಟನೇ ದಿನ ಆ ಮಾಲು ಹೋಯಿತು. ಮಿಲಿಟರಿ ಪರೀಕ್ಷಕರು ಐವತ್ತು ಪೀಸು ನೋಡಬೇಕಿತ್ತು. ನೋಡಿದ್ದು ಎರಡು, ಅದೂ ನನ್ನದೇ ಗೇಜಿನಿಂದ. ನಾನಾದರೂ ಪಿನ್ನು ಹಾಕಿ ನೋಡಿದಾಗ ಕೈಗೆ ಬಿಗಿ ಅನ್ನಿಸಿತ್ತು. ಗೇಜು ಹೋಗುತ್ತದಲ್ಲ ಎಂದು ಸಹಿ ಹಾಕಿದೆ. ಮಾಡಿದ್ದುಣ್ಣೋ ಮಹಾರಾಯ ಎನ್ನುತ್ತಾರೆ, ನಾನು ಮಾಡಿದ್ದನ್ನು ನೀನು ಉಣ್ಣಬೇಡ. ಇದನ್ನೆಲ್ಲ ವಿಚಾರಣೆಯವರಿಗೆ ಬರೆದಿದ್ದೇನೆ, ಕೆಂಪು ಚೀಟಿಯ ಜೆರಾಕ್ಸೂ ಇಟ್ಟಿದ್ದೇನೆ. ನಾಳೆ ಬೆಳಿಗ್ಗೆ ಎರಡು ಲಕೋಟೆಯನ್ನೂ ಸ್ಪೀಡ್ ಪೋಸ್ಟ್ ಮಾಡಿ, ಮುರಿಗೆಪ್ಪನವರಿಗೆ ಹೇಳಿ, ಅಲ್ಲಿಂದ ನೇರ ಈಶ್ವರಮ್ಮನ ಮನೆಗೆ ಹೋಗುತ್ತೇನೆ. ನೀನು ಸಹಿ ಮಾಡಬೇಡ. ನಮ್ಮ ಮನೆಯಿಂದ ಒಂದು ಸುಳ್ಳು ಸಹಿ ಈಗಾಗಲೇ ಹೋಗಿದೆ ಮಗನೇ, ಇನ್ನೊಂದು ಬೇಡ.