ಬಾಗಿಲಿಲ್ಲದ ಟೆಂಟು

ಮೇ ೧೪, ಶನಿವಾರ. ಟಾರ್ಚ್ ಬೆಳಕಿನಲ್ಲಿ.

ಮಧ್ಯಾಹ್ನದಿಂದ ಒಂದು ಮಾತು ಯಾರಿಗೂ ಹೇಳದೆ ಇಟ್ಟುಕೊಂಡಿದ್ದೆ.

ಈ ದೇಶಕ್ಕೆ ಬಂದು ಎರಡು ವರ್ಷದ ಮೇಲೆ ಇದು ನಮ್ಮ ಮೊದಲ ಪ್ರವಾಸ. ಕೆರೆಯ ದಂಡೆಯಲ್ಲಿ ಗೂಟ ಹೊಡೆದು, ಹಗ್ಗ ಬಿಗಿದು, ಯಾರೋ ಕೊಟ್ಟಿದ್ದ ಹಳೆಯ ಟೆಂಟನ್ನು ಜಮ್ಮೆಂದು ನಿಲ್ಲಿಸಿದೆವು. ಒಳಗೆ ಹೋಗೋಣವೆಂದರೆ ಬಾಗಿಲೇ ಇಲ್ಲ! ಅಪ್ಪ ಟೈಲರ್ ಅಲ್ಲವೇ, ಹೊರಡುವ ಮುಂಚೆ ಹರಿದದ್ದನ್ನೆಲ್ಲ ಹೊಲಿಯುವ ಭರದಲ್ಲಿ ಬಾಗಿಲಿಗೂ ಎರಡು ಸಾಲು ಹೊಲಿಗೆ ಹಾಕಿಬಿಟ್ಟಿದ್ದರು.

ಅಮ್ಮ ಹುಲ್ಲಿನ ಮೇಲೆ ಕೂತು ಹೊಟ್ಟೆ ಹಿಡಿದುಕೊಂಡು ನಕ್ಕಳು. ಪಕ್ಕದ ಟೆಂಟಿನ ಅಜ್ಜಿ ಚಾಕು ತಂದುಕೊಟ್ಟರೆ ಅಪ್ಪ ಕೈಮುಗಿದು ವಾಪಸ್ ಕೊಟ್ಟರು.

"ಟೈಲರ್ ಆದೋನು ಹೊಲಿಗೆ ಬಿಚ್ಬೇಕು, ಬಟ್ಟೆ ಸೀಳ್ಬಾರ್ದು."

ಬಿಚ್ಚಲು ಕತ್ತರಿಯೇ ಇಲ್ಲ. ರಜೆಯಲ್ಲಿ ಕೆಲಸ ಬೇಡವೆಂದು ಅಮ್ಮ ಅದನ್ನು ಮನೆಯಲ್ಲೇ ತೆಗೆದಿಟ್ಟಿದ್ದಳು. ಕೊನೆಗೆ ಅವಳ ಬಳೆಗೆ ಸಿಕ್ಕಿಸಿದ್ದ ಪಿನ್ನಿನಿಂದಲೇ ಒಂದೊಂದು ಎಳೆ ಕೀಳುತ್ತ ಒಂದು ಗಂಟೆ ಹೋಯಿತು.

"ಎಷ್ಟು ಗಟ್ಟಿ ಹೊಲಿಗೆ ನೋಡು!" ಅಪ್ಪನಿಗೆ ಹೆಮ್ಮೆ ಬೇರೆ.

"ಹೊಲಿಗೆಯೇನೋ ಗಟ್ಟಿ. ತಲೆ?" ಎಂದಳು ಅಮ್ಮ.

ಆಮೇಲೆ ದೋಣಿಯಲ್ಲೂ ಗುಡ್ಡದ ಮೇಲೂ ನನ್ನ ತಮ್ಮ "ಅಪ್ಪಾ, ಬಾಗಿಲೆಲ್ಲಿ?" ಎಂದು ರೇಗಿಸಿದ್ದೇ ರೇಗಿಸಿದ್ದು. ನಾನೂ ನಕ್ಕೆ, ಆದರೆ ಜೋರಾಗಿ ನಗಲಾಗಲಿಲ್ಲ. ಹೊಲಿದ ದಿನ ಅಪ್ಪನ ಅಂಗಡಿಯಲ್ಲಿ ಟೆಂಟನ್ನು ಮೆಷಿನ್ನಿಗೆ ಹಿಡಿದುಕೊಟ್ಟವಳು ನಾನು. ಜಿಪ್ ಕಿತ್ತುಹೋಗಿದ್ದ ಬಾಗಿಲು ತೋರಿಸಿ "ಅಪ್ಪಾ, ಇಲ್ಲಿ ಉದ್ದಕ್ಕೂ ಹರಿದಿದೆ" ಎಂದವಳೂ ನಾನೇ.

ಅಪ್ಪ ಅದನ್ನು ಮರೆತಿದ್ದಾರೆ ಅಂದುಕೊಂಡಿದ್ದೆ. ಈಗಷ್ಟೇ ಬಾಗಿಲಿಗೆ ಪಿನ್ನು ಚುಚ್ಚಿ ಬಂದು, ಎಲ್ಲರೂ ಮಲಗಿದ್ದಾರೆಂದು ನೋಡಿಕೊಂಡು, ನನ್ನ ಕಿವಿಯಲ್ಲಿ ಮೆಲ್ಲಗೆ ಹೇಳಿದರು:

"ಇನ್ನೆಲ್ಲಾದ್ರೂ ಹರಿದಿದ್ರೆ ಈಗ್ಲೇ ಹೇಳ್ಬಿಡು ತಾಯಿ."