ಚರಂಡಿ ದಾಟಿದ ಕ್ಯಾರವಾನ್

ಪೋರ್ಟ್ ಲಿಂಕನ್
ಏಪ್ರಿಲ್ 9, ಬುಧವಾರ

ಪ್ರೀತಿಯ ಮರ್ವಿನ್,

ಕಾಲು ಹೇಗಿದೆ? ಎಡಗೈ ಬೆರಳು ಮಡಚಲು ಬರುತ್ತಿದೆಯಾ? ಅಡಿಲೇಡ್ ಆಸ್ಪತ್ರೆಯ ಸಪ್ಪೆ ಸೂಪನ್ನು ಬೈದುಕೊಂಡಾದರೂ ಪೂರ್ತಿ ಕುಡಿ. ನನ್ನ ಮೊಣಕೈ ತರಚಿದೆ, ಸೊಂಟ ಹಿಡಿದುಕೊಂಡಿದೆ. ಅಷ್ಟು ಬಿಟ್ಟರೆ, ನಾನು ಇಷ್ಟು ಚೆನ್ನಾಗಿ ಇದ್ದು ವರ್ಷಗಳೇ ಆಗಿದ್ದವು. ಫೋನಿನಲ್ಲಿ ಹೇಳಹೋದರೆ ನೀನು ನಡುವೆ ಬಾಯಿ ಹಾಕುತ್ತೀಯ. ಅದಕ್ಕೇ ಕಾಗದ.

ಕಾರಿಗೆ ಕಟ್ಟಿಕೊಂಡು ತಿರುಗಿದ ನಮ್ಮ ಗಾಲಿಮನೆ, ಆ ಕ್ಯಾರವಾನನ್ನು ನಿಲ್ಲಿಸಿದ್ದೆವಲ್ಲ, ಆ ಶೆಡ್ಡು ಮಾರಾಟವಾಯಿತು. ಭಾನುವಾರದೊಳಗೆ ಜಾಗ ಖಾಲಿ ಮಾಡಬೇಕು ಅಂದರು. ನಿನ್ನ ತಮ್ಮ ಡೆಸ್ ಮರುದಿನವೇ ಒಬ್ಬ ಗಿರಾಕಿಯನ್ನು ಹುಡುಕಿ ತಂದ. ನೀನೂ ಅವನ ಜೊತೆ ಸೇರಿ, "ಮಾರಿಬಿಡು ಗ್ಲೆನಿಸ್, ನನ್ನ ಕಾಲಿನ ಜೊತೆ ಅದರ ಕಥೇನೂ ಮುಗೀತು" ಅಂದೆ. ನಾನು ಫೋನ್ ಇಟ್ಟು, ಅಡುಗೆಮನೆಯಲ್ಲಿ ನಿಂತು ನಿನಗೆ ಮನಸಾರೆ ಬೈದೆ. ಆಮೇಲೆ ಡೆಸ್‌ಗೆ, ಅದನ್ನು ನಮ್ಮ ಅಂಗಳಕ್ಕೇ ತರುತ್ತೇನೆ ಅಂತ ಹೇಳಿದೆ. ಅವನು ಹೊಟ್ಟೆ ಹಿಡಿದುಕೊಂಡು ನಕ್ಕ. "ಹದಿನಾರು ವರ್ಷ ಮರ್ವ್ ಕೈಲೇ ಆಗಿಲ್ಲ. ನೀನು ಅಂಗಡಿ ಟ್ರಾಲಿ ತಿರುಗಿಸೋಕೇ ಒದ್ದಾಡ್ತೀಯ." ಆ ಮಾತು ನಿಜವೇ. ಆದರೆ ನಕ್ಕಿದ್ದು ತಪ್ಪು.

ನಮ್ಮ ಮನೆಯ ದಾರಿ ನಿನಗೆ ಗೊತ್ತೇ ಇದೆ. ರಸ್ತೆಯಂಚಿಗೆ ತಗ್ಗಾದ ಚರಂಡಿ, ಅದನ್ನು ದಾಟಿದ ಕೂಡಲೇ ಮೈಮೇಲೆ ಬರುವಂಥ ಏರು. ಮೂರು ದಿನ ಬೆಳಿಗ್ಗೆ ಪಕ್ಕದ ಮನೆಯ ನೆವೆಂಕಾಳನ್ನು ಕರೆದುಕೊಂಡು ಫುಟ್‌ಬಾಲ್ ಮೈದಾನಕ್ಕೆ ಹೋಗಿ, ಕ್ಯಾರವಾನ್ ಕಟ್ಟಿದ ಕಾರನ್ನು ಹಿಂದಕ್ಕೆ ಓಡಿಸುವುದನ್ನು ಕಲಿತೆ. ಶುಕ್ರವಾರ ಧೈರ್ಯ ಮಾಡಿ ಹಿಮ್ಮುಖವಾಗಿ ಒಳಗೆ ಬಿಟ್ಟೆ. ಗಾಲಿಗಳು ಚರಂಡಿಗೆ ಇಳಿದವು, ಕ್ಯಾರವಾನಿನ ಹಿಂಭಾಗ ಏರಿನ ಕಾಂಕ್ರೀಟಿಗೆ ಬಡಿಯಿತು. ಆ ಕರಕರ ಸದ್ದಿಗೆ ಬೀದಿಯವರೆಲ್ಲ ಹೊರಗೆ ಬಂದರು. ಕೊಳೆನೀರಿನ ಪೈಪು ಬಾಗಿಹೋಯಿತು, ಒಪ್ಪಿಕೊಳ್ಳುತ್ತೇನೆ. ನೋಡಲೆಂದೇ ಬಂದು ನಿಂತಿದ್ದ ಡೆಸ್ ಜೇಬಿನಿಂದ ಒಂದು ಕೈ ತೆಗೆದು, "ನೋಡಿದ್ಯಾ? ಇಳಿ, ಕೀ ಕೊಡು" ಅಂದ. ನಾನು ಕೊಡಲಿಲ್ಲ. ಗಾಡಿಯನ್ನು ಮತ್ತೆ ರಸ್ತೆಗೆ ತಂದು ನಿಲ್ಲಿಸಿದೆ.

ಶನಿವಾರ ಬೆಳಿಗ್ಗೆ ನಾನೂ ನೆವೆಂಕಾಳೂ ಹೊಟ್ಟೆಯ ಮೇಲೆ ಮಲಗಿ ದಾರ ಹಿಡಿದು ಅಳೆದೆವು. ಗಾಲಿ ಚರಂಡಿಗೆ ಒಂದು ಗೇಣು ಇಳಿಯುತ್ತದೆ. ಹಿಂಭಾಗಕ್ಕೂ ನೆಲಕ್ಕೂ ಇರುವ ಸಂದು ಅಷ್ಟಿಲ್ಲ. ಹಾಗಾದರೆ ಗಾಲಿ ಇಳಿಯದ ಹಾಗೆ ಮಾಡಿದರಾಯಿತು, ಅಷ್ಟೇ ತಾನೇ? ಹದಿನಾರು ವರ್ಷ ಇದು ನಿನಗೆ ಯಾಕೆ ಹೊಳೆಯಲಿಲ್ಲ ಅಂತ ಕೇಳುವುದಿಲ್ಲ, ನಿನಗೆ ಈಗ ಹುಷಾರಿಲ್ಲ. ನೆವೆಂಕಾಳ ಗಂಡ ಟ್ಯೂನಾ ಮೀನು ಹಿಡಿಯುವ ದೋಣಿಗೆಂದು ಇಟ್ಟಿದ್ದ ದಪ್ಪ ಹಲಗೆಗಳು ಅವಳ ಹಿತ್ತಲಲ್ಲಿ ಬಿದ್ದಿದ್ದವು. ಅವುಗಳಿಂದ ಚರಂಡಿಯನ್ನು ತುಂಬಿ, ಏರಿನ ಬುಡದಲ್ಲಿ ಒಂದರ ಮೇಲೊಂದು ಜೋಡಿಸಿದೆವು. ನೀರಿನ ಟ್ಯಾಂಕಿ ಖಾಲಿ ಮಾಡಿದೆ. ಹಿಂದೆ ನೇತುಹಾಕಿದ್ದ ಹೆಚ್ಚುವರಿ ಗಾಲಿ, ನಿನ್ನ ಗಾಳದ ಸೀಸದ ಗುಂಡುಗಳ ಪೆಟ್ಟಿಗೆ, ಎಲ್ಲವನ್ನೂ ಇಳಿಸಿದೆ. ದೇವರೇ, ಅಷ್ಟೊಂದು ಸೀಸ ಯಾರಿಗೆ ಬೇಕು? ಭಾರ ಇಳಿದ ಹಾಗೆ ಕ್ಯಾರವಾನ್ ಎರಡು ಬೆರಳು ಮೇಲೆದ್ದಿತು. ಮುಂದಿನ ಪುಟ್ಟ ಗಾಲಿಯನ್ನೂ ಕಳಚಿದೆ, ತಗ್ಗಿನಲ್ಲಿ ಮೊದಲು ನೆಲ ಕೆರೆಯುವುದು ಅದೇ.

ಮತ್ತೆ ಹಿಮ್ಮುಖವಾಗಿ ಬಿಟ್ಟೆ. ಎಪ್ಪತ್ತು ದಾಟಿದ ನೆವೆಂಕಾ ಹುಲ್ಲಿನ ಮೇಲೆ ಬೋರಲಾಗಿ ಮಲಗಿ ಅಡಿಯಲ್ಲಿ ಕಣ್ಣಿಟ್ಟು ಕೂಗುತ್ತಿದ್ದಳು: "ಮೂರು ಬೆರಳು... ಎರಡು... ಬಾ, ಬಾ." ಹಿಂಭಾಗ ದಾಟಿತು. ಆಗ ಕಾರು ಇನ್ನೂ ರಸ್ತೆಯಲ್ಲಿ, ಕ್ಯಾರವಾನ್ ಏರಿನ ಮೇಲೆ, ನಡುವಿನ ಕೊಂಡಿ ತಗ್ಗಿನಲ್ಲಿ. "ನಿಲ್ಸು! ಕೊಂಡಿ ಕಿತ್ಕೊಂಡು ಹೋಗುತ್ತೆ!" ಅಂತ ಡೆಸ್ ಕಿರುಚಿದ. ನಾನು ಬ್ರೇಕ್ ಒತ್ತಿಬಿಟ್ಟೆ. ಗಂಡಸು ಕಿರುಚಿದರೆ ನಿಂತುಬಿಡುವುದು, ನಲವತ್ತೈದು ವರ್ಷದ ಅಭ್ಯಾಸ ಮರ್ವಿನ್. ಕನ್ನಡಿಯಲ್ಲಿ ನೋಡಿದೆ. ನೆವೆಂಕಾ ಡೆಸ್ ಕಡೆ ತಿರುಗಿಯೂ ನೋಡಿರಲಿಲ್ಲ. ಒಂದು ಬೆರಳು ಎತ್ತಿ ತೋರಿಸಿ, ಅದೇ ಕೈಯಿಂದ ನನ್ನನ್ನು ಕರೆಯುತ್ತಿದ್ದಳು. ಕೊಂಡಿಗೂ ನೆಲಕ್ಕೂ ನಡುವೆ ಇನ್ನೂ ಒಂದು ಬೆರಳಿನಷ್ಟು ಜಾಗ ಇದೆ. ಡೆಸ್ ನಿಂತಿದ್ದಲ್ಲಿಂದ ಅದು ಕಾಣುವುದಿಲ್ಲ, ಮಲಗಿದವಳಿಗೆ ಕಾಣುತ್ತದೆ. ಬ್ರೇಕ್ ಬಿಟ್ಟೆ. ಹಲಗೆ ಒಮ್ಮೆ ನರಳಿತು, ಅಷ್ಟೇ. ಕ್ಯಾರವಾನ್ ನಮ್ಮ ನಿಂಬೆಗಿಡದ ಪಕ್ಕದಲ್ಲಿ ಬಂದು ನಿಂತಿತು.

ಯಾರೂ ಚಪ್ಪಾಳೆ ಹೊಡೆಯಲಿಲ್ಲ. ಎದುರುಮನೆಯವರು ಒಳಗೆ ಹೋದರು. ಡೆಸ್ ಬಂದು ಗಾಲಿಗಳಿಗೆ ಕಲ್ಲು ಕೊಟ್ಟ, ಎರಡು ಕಪ್ ಚಹಾ ಕುಡಿದ. ಹೊರಡುವಾಗ, "ಆ ಪೈಪು ನಾನೇ ಬದಲಾಯಿಸಿ ಕೊಡ್ತೀನಿ" ಅಂದ. ಒಳ್ಳೆಯವನೇ, ಬಾಯಿ ಮುಚ್ಚಿಕೊಂಡಿದ್ದಾಗ.

ನೆವೆಂಕಾ ನಿನ್ನನ್ನು ಕೇಳಿದೆ ಅಂತ ಹೇಳಲು ಹೇಳಿದ್ದಾಳೆ. ರಾತ್ರಿ ಚೆನ್ನಾಗಿ ಹೊದ್ದು ಮಲಗು, ನರ್ಸುಗಳ ಮೇಲೆ ರೇಗಬೇಡ.

ನಿನ್ನ
ಗ್ಲೆನಿಸ್

ಮರೆತಿದ್ದೆ: ಆ ಗಿರಾಕಿ ಅವತ್ತೇ ಹನ್ನೊಂದು ಗಂಟೆಗೆ ಬಂದ. ಕ್ಯಾರವಾನ್ ಮಾರುವುದಕ್ಕಿಲ್ಲ ಅಂತ ವಾಪಸ್ ಕಳಿಸಿದೆ. ನೀನು ನಡೆಯುವ ಅಭ್ಯಾಸಕ್ಕೆ ಬರುವುದನ್ನೇ ನಿಲ್ಲಿಸಿದ್ದೀಯ ಅಂತ ಡಾಕ್ಟರು ನಿನ್ನೆ ಫೋನ್ ಮಾಡಿದ್ದರು. ನನಗೆ ಯಾಕೆ ಹೇಳಲಿಲ್ಲ? ಬರುವ ತಿಂಗಳು ಎರಡನೇ ತಾರೀಕು ಕ್ಯಾರವಾನ್ ಕಟ್ಟಿಕೊಂಡು ಅಡಿಲೇಡಿಗೆ ಬರುತ್ತೇನೆ. ಅಲ್ಲಿಂದ ಮನೆಗಲ್ಲ, ಪಶ್ಚಿಮದ ಕಡಲತೀರಕ್ಕೆ ಹೋಗುವುದು. ಗಾಡಿ ಓಡಿಸುವವಳು ನಾನು. ಆಸ್ಪತ್ರೆ ಬಾಗಿಲಿನಿಂದ ಕಾರಿನವರೆಗೆ ಮಾತ್ರ ನೀನೇ ನಡೆದು ಬರಬೇಕು. ಕೋಲು ಹಿಡಿದು ಬಾ, ಗೋಡೆ ಹಿಡಿದು ಬಾ, ಬೈದುಕೊಂಡು ಬಾ. ನಾನು ಕಾರಿನಿಂದ ಇಳಿಯುವುದಿಲ್ಲ.